ಕಬ್ಬಿನ ಬಟ್ಟಲೂ ಕಾಳಿಯ ಕಾಡೂ

“ಇದು ಕಬ್ಬಿನಿಂದಾದ ಪ್ಲಾಸ್ಟಿಕ್ಕು, ಎಸೆದರೆ ತಾನಾಗಿಯೇ ಮಣ್ಣಾಗುತ್ತದೆ” ಎಂಬ ಮಾತು ಈಚೆಗೆ ಬಹಳವಾಗಿ ಕೇಳಿಬರುತ್ತಿದೆ. ಈ ಮಾತಿನ ಮೊದಲ ಅರ್ಧ ನಿಜ. ಎರಡನೆಯ ಅರ್ಧಕ್ಕೆ ಒಂದು ನಿಬಂಧನೆಯುಂಟು. ಆ ನಿಬಂಧನೆ ಉಷ್ಣತೆ. ಇದನ್ನು ಮರೆಮಾಡಿ ಮಾರುವುದು ತಪ್ಪೆಂದೂ, ವಿಜ್ಞಾನ ಓದುವವರು ಇದನ್ನು ಕೇಳಿ ಸುಮ್ಮನಿರಬಾರದೆಂದೂ ನಮ್ಮ ಅಭಿಪ್ರಾಯ.

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಕಡೆಯವರಿಗೆ ಇದು ದೂರದ ಸಂಗತಿಯಲ್ಲ. ಹಳಿಯಾಳದ ಸುತ್ತ ಕಬ್ಬಿದೆ, ಅಲ್ಲಿಯೇ ಸಕ್ಕರೆಯ ಕಾರ್ಖಾನೆಯೂ ಇದೆ. ದಾಂಡೇಲಿ ಮತ್ತು ಜೋಯಿಡಾಗಳಿಗೆ ಕಾಡನ್ನೂ ಕಾಳಿ ನದಿಯನ್ನೂ ನೋಡಲು ಪ್ರವಾಸಿಗಳು ಬರುತ್ತಾರೆ. ಅವರು ಚಹಾ ಕುಡಿದು ಬಿಸುಟ ಬಟ್ಟಲು ಉಳಿಯುವುದು ೨೦೧೫ರಿಂದ ಕಾಳಿಯ ಹೆಸರನ್ನೇ ಹೊತ್ತಿರುವ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಲ್ಲಿ.

ವಿಷಯಕ್ಕೆ ಸಕ್ಕರೆಯಿಂದಲೇ ಹೊರಡೋಣ. ಕಲ್ಲುಸಕ್ಕರೆ, ಪೆಪ್ಪರಮಿಂಟು ಎರಡೂ ಮುಖ್ಯವಾಗಿ ಸಕ್ಕರೆಯೇ. ಪಾಕವನ್ನು ದಿನಗಟ್ಟಲೆ ನಿಧಾನವಾಗಿ ಆರಲು ಬಿಟ್ಟರೆ ಅಣುಗಳು ಸಾಲಾಗಿ ಜೋಡಿಕೊಂಡು ಹರಳಾಗುತ್ತವೆ; ಗಟ್ಟಿಪಾಕವನ್ನು ಬೇಗ ತಣಿಸಿದರೆ ಸಾಲುಗೂಡಲು ವ್ಯವಧಾನ ಸಾಲದೆ ಇದ್ದಂತೆಯೇ ಬಿಗಿದು ಗಾಜಿನಂತಾಗುತ್ತವೆ. ಸಕ್ಕರೆಯ ಕಾರ್ಖಾನೆಯಲ್ಲಿ ಪಾಕವನ್ನು ಕಡಿಮೆ ಒತ್ತಡದಲ್ಲಿ ಕುದಿಸಿ, ಸಣ್ಣ ಹರಳುಗಳನ್ನು ಬೀಜವಾಗಿ ಬೆರಸಿ, ಕಲಕುತ್ತ ಮೆಲ್ಲನೆ ತಣಿಸುವುದು ಇದೇ ಕಾರಣಕ್ಕೆ. ತುಪ್ಪ ಹರಳುಗಟ್ಟಬೇಕಾದರೆ ಅದನ್ನು ನಿಧಾನವಾಗಿ ಆರಲು ಬಿಡಬೇಕೆಂಬುದು ಮನೆಯ ಹಿರಿಯರಿಗೂ ಗೊತ್ತು.

ಸಕ್ಕರೆಯನ್ನು ಸೂಕ್ಷ್ಮಜೀವಿಗಳಿಂದ ಹುದುಗೆಬ್ಬಿಸಿದರೆ ಮೊಸರಿನ ಹುಳಿಯಾದ ಲ್ಯಾಕ್ಟಿಕ್ ಆಮ್ಲ ದೊರೆಯುತ್ತದೆ. ಅದರ ಅಣುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಉದ್ದನೆಯ ಸರಪಣಿ ಮಾಡಿದರೆ ಪಾಲಿಲ್ಯಾಕ್ಟಿಕ್ ಆಮ್ಲ, ಎಂದರೆ ಪಿ.ಎಲ್.ಎ. ಇದು ಆಲಿಫ್ಯಾಟಿಕ್ ಪಾಲಿಎಸ್ಟರ್ ಎಂಬ ವರ್ಗಕ್ಕೆ ಸೇರಿದುದು. ಬಟ್ಟೆಯ ಪಾಲಿಎಸ್ಟರಿನಲ್ಲಿರುವ ಬೆಂಜೀನ್ ಉಂಗುರಗಳು ಇದರಲ್ಲಿಲ್ಲ.

ಕರಗಿದ ಪಿ.ಎಲ್.ಎ. ತಣಿಯುವಾಗ ಎರಡು ಪ್ರವೃತ್ತಿಗಳು ಪರಸ್ಪರ ಸೆಣಸುತ್ತವೆ. ಇದರ ದ್ರವನಬಿಂದು ಸುಮಾರು ೧೭೦ ಡಿಗ್ರಿ ಸೆಂಟಿಗ್ರೇಡು. ಅದರ ಸಮೀಪದಲ್ಲಿ ಸರಪಣಿಗಳ ಚಡಪಡಿಕೆ ಹೆಚ್ಚು. ಹರಳಿನ ಬೀಜ ನಿಲ್ಲುವುದಿಲ್ಲ. ಸುಮಾರು ೬೦ ಡಿಗ್ರಿಗೆ ಇಳಿದರೆ ಸರಪಣಿಗಳು ಮರಗಟ್ಟುತ್ತವೆ. ಬೀಜವಿದ್ದರೂ ಅದರ ಬಳಿಗೆ ಸರಿದು ಸೇರಲಾರವು. ಇದನ್ನು ಗಾಜುಬಿಂದುವೆನ್ನೋಣ. ಇವೆರಡರ ನಡುವೆ, ೧೦೦ರಿಂದ ೧೨೦ ಡಿಗ್ರಿಯೊಳಗೆ ಸ್ಫಟಿಕೀಕರಣ ಅತ್ಯಂತ ವೇಗವಾಗಿ ನಡೆಯುತ್ತದೆ. ಅತ್ಯಂತ ವೇಗವೆಂದರೂ ನಿಮಿಷಗಳ ಲೆಕ್ಕ. ಕಾರ್ಖಾನೆಯ ಅಚ್ಚಾದರೋ ಸೆಕೆಂಡುಗಳಲ್ಲಿ ಬಟ್ಟಲನ್ನು ಹೊರಹಾಕುತ್ತದೆ. ಆದುದರಿಂದ ಅಗ್ಗದ ಬಟ್ಟಲು ಪೆಪ್ಪರಮಿಂಟಿನ ಜಾತಿಯದು: ತಿಳಿಯಾಗಿ ಹೊಳೆಯುತ್ತದೆ, ಬಿಸಿ ಚಹಾ ಹೊಯ್ದರೆ ಸೊಟ್ಟಗಾಗುತ್ತದೆ.

ಇದಕ್ಕೆ ತಯಾರಕರು ಕಂಡುಕೊಂಡ ಉಪಾಯ ಸಕ್ಕರೆಯವರದೇ. ಟಾಲ್ಕಿನಂತಹ ಪುಡಿಯನ್ನು ಬೀಜವಾಗಿ ಬೆರಸಿ, ಕಾದ ಅಚ್ಚಿನಲ್ಲಿ ಸ್ವಲ್ಪ ಹೊತ್ತು ಇರಿಸಿದರೆ ಬಟ್ಟಲು ಹರಳುಗಟ್ಟಿ ಬೆಳ್ಳಗಾಗುತ್ತದೆ, ಬಿಸಿಯನ್ನು ತಾಳುತ್ತದೆ. ಉಪಾಯವೇನೋ ಸೊಗಸಾದುದೇ. ಆದರೆ ಒತ್ತಾಗಿ ಜೋಡಿಕೊಂಡ ಹರಳಿನೊಳಗೆ ನೀರಿಗೂ ಪ್ರವೇಶ ಕಷ್ಟ, ಸೂಕ್ಷ್ಮಜೀವಿಗಳ ಕಿಣ್ವಗಳಿಗೂ ಕಷ್ಟ. ಚಹಾಕ್ಕೆ ಬಗ್ಗದ ಬಟ್ಟಲು ಮಣ್ಣಿಗೂ ಬೇಗ ಬಗ್ಗುವುದಿಲ್ಲ.

ಹರಳುಗಟ್ಟದ ಬಟ್ಟಲಾದರೂ ಬೇಗ ಮಣ್ಣಾಗುವುದೇ? ‘ಕಾಂಪೋಸ್ಟಾಗುವ ಪ್ಲಾಸ್ಟಿಕ್’ ಎಂಬ ಪ್ರಮಾಣಪತ್ರಕ್ಕೆ ಮಾಡುವ ಪರೀಕ್ಷೆಯಲ್ಲಿ ಗೊಬ್ಬರದ ಉಷ್ಣತೆಯನ್ನು ಸುಮಾರು ೫೮ ಡಿಗ್ರಿಯಲ್ಲಿ ಕಾಯ್ದಿರುತ್ತಾರೆ. ೧೮೦ ದಿನಗಳೊಳಗೆ ಇಂಗಾಲದ ಶೇಕಡ ೯೦ ಭಾಗ ಅನಿಲವಾಗಿ ಹೋಗಬೇಕು. ೫೮ ಎಂಬುದು ಗಾಜುಬಿಂದುವಿನ ನೆರೆಮನೆಯೆಂಬುದನ್ನು ಗಮನಿಸಿರಿ. ಅಲ್ಲಿ ಸರಪಣಿಗಳು ಸಡಿಲವಾಗಿ, ನೀರು ಒಳಹೊಕ್ಕು, ಕೊಂಡಿಗಳು ಕಳಚುತ್ತವೆ. ದೊಡ್ಡ ಗೊಬ್ಬರದ ರಾಶಿಯ ಒಡಲಲ್ಲಿ ಅಷ್ಟು ಬಿಸಿ ಇರುವುದುಂಟು. ಜೋಯಿಡಾದ ಕಾಡಿನ ನೆರಳಲ್ಲಿ, ಮಳೆಯಲ್ಲಿ ನೆನೆದ ನೆಲದಲ್ಲಿ ಅದೆಲ್ಲಿಂದ ಬರಬೇಕು? ಬೇಸಿಗೆಯ ನಡುಹಗಲೂ ಅಲ್ಲಿ ಆ ಮಟ್ಟವನ್ನು ಮುಟ್ಟದು. ಅಲ್ಲಿ ಬಿದ್ದ ಪಿ.ಎಲ್.ಎ. ಬಟ್ಟಲು ವರ್ಷಗಳ ಕಾಲ ಬಟ್ಟಲಾಗಿಯೇ ಉಳಿಯಬಲ್ಲದು. ೨೦೨೨ರ ಜುಲೈ ೧ರಿಂದ ದೇಶದಲ್ಲಿ ಹಲವು ಬಗೆಯ ಒಮ್ಮೆ ಬಳಸುವ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದಾಗ ಕಾಂಪೋಸ್ಟಾಗುವವುಗಳಿಗೆ ವಿನಾಯಿತಿ ದೊರೆಯಿತು. ವಿನಾಯಿತಿ ಪಡೆದ ವಸ್ತು ಬಿಸಿಯಾದ ರಾಶಿಯನ್ನು ಸೇರಲೇಬೇಕಲ್ಲವೆ?

ಈ ವರ್ಗದ ಎಲ್ಲವೂ ಒಂದೇ ಎಂದು ನಾವು ಹೇಳುತ್ತಿಲ್ಲ. ೧೯೨೬ರಲ್ಲಿ ಪ್ಯಾರಿಸ್ಸಿನಲ್ಲಿ ಮೋರಿಸ್ ಲೆಮ್ವಾನ್ಯ ಎಂಬವರು ಬ್ಯಾಕ್ಟೀರಿಯಗಳ ಒಡಲಲ್ಲಿ ಕಂಡ ಪಿ.ಎಚ್.ಬಿ. ಎಂಬ ಪಾಲಿಎಸ್ಟರು ಸಾಧಾರಣ ಉಷ್ಣತೆಯ ಮಣ್ಣಿನಲ್ಲಿಯೂ ಕರಗಿಹೋಗುತ್ತದೆ. ಅದರ ಗಾಜುಬಿಂದು ನೀರು ಹೆಪ್ಪುಗಟ್ಟುವ ಉಷ್ಣತೆಯ ಹತ್ತಿರವಿರುವುದರಿಂದ, ಕಪಾಟಿನಲ್ಲಿಟ್ಟಾಗಲೂ ಅದರೊಳಗೆ ಹರಳುಗಟ್ಟುವ ಕೆಲಸ ಸದ್ದಿಲ್ಲದೆ ಸಾಗುತ್ತಿರುತ್ತದೆ. ವಸ್ತು ದಿನಗಳೆದಂತೆ ಪೆಡಸಾಗುತ್ತದೆ. ಇನ್ನು ಅಮೆರಿಕದ ಡ್ಯೂಪಾಂಟ್ ಕಂಪೆನಿಯ ವಾಲೇಸ್ ಕರಾಥರ್ಸ್ ೧೯೩೦ರ ಸುಮಾರಿಗೆ ಆಲಿಫ್ಯಾಟಿಕ್ ಪಾಲಿಎಸ್ಟರುಗಳಿಂದ ನೂಲು ತೆಗೆದರು. ಕಡಿಮೆ ಬಿಸಿಗೇ ಕರಗುತ್ತವೆ, ನೀರಿಗೆ ಕೆಡುತ್ತವೆ ಎಂದು ಅವನ್ನು ಬದಿಗಿರಿಸಿ ೧೯೩೫ರಲ್ಲಿ ನೈಲಾನನ್ನು ಪಡೆದರು. ಅಂದು ದೋಷವೆನಿಸಿದ್ದ ಗುಣವನ್ನೇ ಇಂದು ಬೆಲೆ ತೆತ್ತು ಕೊಳ್ಳುತ್ತಿದ್ದೇವೆ!

ನಾವು ಬೇಡುವುದು ಹೆಚ್ಚಿನದೇನಲ್ಲ. ಇಂತಹ ಪ್ರತಿಯೊಂದು ಬಟ್ಟಲಿನ ಮೇಲೂ ಎರಡು ಅಂಕಿಗಳಿರಲಿ: ಎಷ್ಟು ಬಿಸಿಯನ್ನು ತಾಳುತ್ತದೆ, ಎಷ್ಟು ಬಿಸಿಯಲ್ಲಿ ಕೊಳೆಯುತ್ತದೆ. ಎರಡನೆಯ ಅಂಕಿ ೫೮ ಎಂದಿದ್ದರೆ, ಅಂತಹ ಗೊಬ್ಬರದ ಏರ್ಪಾಡಿಲ್ಲದ ಕಾಡಿನ ಅಂಚಿನಲ್ಲಿ ಅದನ್ನು ಮಾರಬಾರದು. ಹೆಚ್ಚು ಹಣ ತೆತ್ತು ಪ್ರಾಮಾಣಿಕವಾಗಿ ಇದನ್ನು ಕೊಂಡ ಚಹಾದಂಗಡಿಯವರನ್ನು ದೂರುವುದು ನ್ಯಾಯವಲ್ಲ. ಅವರಿಗೆ ಈ ಅಂಕಿಯನ್ನು ಯಾರೂ ಹೇಳಿಲ್ಲ.

ಪರೀಕ್ಷಿಸಿ ನೋಡಬಯಸುವ ವಿದ್ಯಾರ್ಥಿಗಳಿಗೆ ದುಬಾರಿ ಉಪಕರಣ ಬೇಡ. ಜೂನ್ ತಿಂಗಳಲ್ಲಿ ಒಂದು ಬಲೆಯ ಚೀಲದಲ್ಲಿ ಮುತ್ತುಗದ ಎಲೆಯ ತುಂಡನ್ನೂ ಇನ್ನೊಂದರಲ್ಲಿ ಪಿ.ಎಲ್.ಎ. ಬಟ್ಟಲಿನ ತುಂಡನ್ನೂ ತೂಗಿ ಹಾಕಿ, ಕಾಲೇಜಿನ ತೋಟದಲ್ಲಿ ಒಂದು ಗೇಣು ಆಳಕ್ಕೆ ಹೂಳಿರಿ. ವಾರಕ್ಕೊಮ್ಮೆ ಮಣ್ಣಿನ ಉಷ್ಣತೆಯನ್ನು ಬರೆದಿಡಿರಿ. ಡಿಸೆಂಬರಿನಲ್ಲಿ ಅಗೆದು, ತೊಳೆದು, ಒಣಗಿಸಿ, ಮತ್ತೆ ತೂಗಿರಿ.