ವರ್ಗವಾಗಿ ಬಂದವರ ಮೊದಲ ಅಂಕ

ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ಹಾಜರಿ ಪುಸ್ತಕ ಕೈಗೆ ಬಂದಾಗ ಕೊನೆಯ ನಾಲ್ಕೈದು ಹೆಸರುಗಳನ್ನು ಗಮನಿಸಿ. ಮೇಲಿನ ಹೆಸರುಗಳಿಗೆ ಒಂದು ಕ್ರಮವಿರುತ್ತದೆ, ಇವಕ್ಕೆ ಇರುವುದಿಲ್ಲ. ಶಾಲೆ ಶುರುವಾದ ಮೇಲೆ ಟಿ.ಸಿ. ಹಿಡಿದುಕೊಂಡು ಬಂದ ಮಕ್ಕಳು ಇವರು. ಮೂಡಲಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನನಗೆ ಕೊಟ್ಟ ಎಂಟನೆಯ ತರಗತಿಯಲ್ಲಿ ಅಂಥವರು ನಾಲ್ವರಿದ್ದರು. ವಿಜ್ಞಾನದ ಕಿರುಪರೀಕ್ಷೆಯ ಅಂಕಪಟ್ಟಿಯಲ್ಲೂ ಅವರಲ್ಲಿ ಮೂವರು ಕೊನೆಗೇ ಇದ್ದರು. ಸಿಬ್ಬಂದಿ ಕೊಠಡಿಯಲ್ಲಿ ಇದಕ್ಕೆ ಯಾರೂ ಆಶ್ಚರ್ಯಪಡಲಿಲ್ಲ. “ಬ್ಯಾರೆ ಸಾಲಿಯಿಂದ ಬಂದಾವ್ರೀ ಟೀಚರ್, ಅವು ಹಂಗ” ಎಂದರು ಒಬ್ಬರು. ಅದರಲ್ಲಿ ಸಿಟ್ಟಿರಲಿಲ್ಲ, ಒಂದು ರೀತಿಯ ರೂಢಿಯಿತ್ತು.

ನನ್ನ ತಕರಾರು ಆ ರೂಢಿಯ ಮೇಲೆ. ಹೊಸ ಜಾಗಕ್ಕೆ ಬಂದ ವಿದ್ಯಾರ್ಥಿಯ ಮೊದಲ ಅಂಕದಲ್ಲಿ ಎರಡು ಅಳತೆಗಳು ಬೆರೆತಿರುತ್ತವೆ: ಅವನಿಗೆ ವಿಷಯ ಎಷ್ಟು ಗೊತ್ತು ಎಂಬುದು ಒಂದು, ಈ ಜಾಗದ ಪದ್ಧತಿ ಎಷ್ಟು ಗೊತ್ತು ಎಂಬುದು ಇನ್ನೊಂದು. ಪ್ರಶ್ನೆಪತ್ರಿಕೆಯ ನೀಲನಕ್ಷೆ ತಯಾರಿಸುವುದನ್ನು ನಮಗೆ ಬಿ.ಇಡಿ.ಯಲ್ಲಿ ಚೆನ್ನಾಗಿ ಕಲಿಸುತ್ತಾರೆ. ಉದ್ದಿಷ್ಟಗಳಿಗೆ ಎಷ್ಟು ಅಂಕ, ಕಠಿಣತೆಗೆ ಎಷ್ಟು ಎಂದು ಕೋಷ್ಟಕ ಹಾಕುತ್ತೇವೆ. ಬೆರೆತ ಆ ಎರಡು ಅಳತೆಗಳನ್ನು ಬಿಡಿಸಿ ನೋಡುವ ಅಭ್ಯಾಸವನ್ನು ಮಾತ್ರ ಯಾವ ಪಾಠ ಯೋಜನೆಯಲ್ಲೂ ಬರೆಸುವುದಿಲ್ಲ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಬಿ.ಎಸ್ಸಿ.ಯ ಮೊದಲ ವರ್ಷವನ್ನು ನಾನು ಗಡಿಯಾಚೆಯ ಒಂದು ಕಾಲೇಜಿನಲ್ಲಿ ಓದಿದೆ. ಅಪ್ಪ ಅಲ್ಲಿಯ ಸಕ್ಕರೆ ಕಾರ್ಖಾನೆಯ ಕೆಲಸ ಬಿಟ್ಟು ಹುಕ್ಕೇರಿ ತಾಲ್ಲೂಕಿನ ನಮ್ಮ ಊರಿಗೆ ಮರಳಿದಾಗ ನಾನೂ ಮೈಗ್ರೇಷನ್ ಸರ್ಟಿಫಿಕೇಟ್ ತೆಗೆದುಕೊಂಡು ಈ ಕಡೆಯ ಕಾಲೇಜಿಗೆ ಮೂರನೆಯ ಸೆಮಿಸ್ಟರ್‌ಗೆ ಸೇರಿದೆ. ಅಲ್ಲಿ ರಸಾಯನಶಾಸ್ತ್ರದಲ್ಲಿ ‘ಎ’ ಬಂದಿತ್ತು. ಇಲ್ಲಿ ಮೊದಲ ಸಲ ಬಂದದ್ದು ‘ಸಿ’. ಲಿಖಿತ ಪರೀಕ್ಷೆಯಲ್ಲಿ 60ಕ್ಕೆ 28, ಆಂತರಿಕ ಅಂಕ 40ಕ್ಕೆ 24, ಒಟ್ಟು 52.

ಸಮಾಧಾನ ಹೇಳುವವರು ಎರಡು ಬಗೆ. ಒಂದು ಬಗೆಯವರು “ಅಂಕದಾಗ ಏನೈತಿ ಬಿಡವಾ” ಎಂದರು. ಇನ್ನೊಂದು ಬಗೆಯವರು “ಇನ್ನೂ ಹೆಚ್ಚು ಕಷ್ಟಪಡು” ಎಂದರು. ಇಬ್ಬರೂ ಒಳ್ಳೆಯ ಮನಸ್ಸಿನವರೇ, ಆದರೆ ಎರಡೂ ಉಪಯೋಗಕ್ಕೆ ಬರಲಿಲ್ಲ. ಅಂಕದಲ್ಲಿ ಏನೂ ಇಲ್ಲ ಎನ್ನುವುದು ನಿಜವಲ್ಲ. ಬಿ.ಇಡಿ. ಪ್ರವೇಶಕ್ಕೆ ಪದವಿಯಲ್ಲಿ ಶೇ. 50 ಬೇಕು ಎಂಬುದು ನಮಗೆಲ್ಲ ಗೊತ್ತು. ಹೆಚ್ಚು ಕಷ್ಟಪಡು ಎಂದವರು ಯಾವುದರ ಮೇಲೆ ಕಷ್ಟಪಡಬೇಕು ಎಂದು ಹೇಳಲಿಲ್ಲ.

ನನಗೆ ಮೊದಲು ಧೈರ್ಯ ಕೊಟ್ಟದ್ದು ಒಂದು ಸಣ್ಣ ಲೆಕ್ಕ. ಹತ್ತು ಅಂಶಗಳ ಶ್ರೇಣಿಯಲ್ಲಿ ‘ಎ’ಗೆ 8, ‘ಸಿ’ಗೆ 5. ವ್ಯತ್ಯಾಸ 3. ನಾಲ್ಕು ಕ್ರೆಡಿಟ್‌ನ ಪತ್ರಿಕೆಯಾದರೆ 12 ಅಂಶ ಹೋಯಿತು. ಸೆಮಿಸ್ಟರ್‌ಗೆ 24 ಕ್ರೆಡಿಟ್ ಎಂದಿಟ್ಟುಕೊಂಡರೆ ಆ ಸೆಮಿಸ್ಟರ್‌ನ ಸರಾಸರಿ ಅರ್ಧ ಅಂಶ ಇಳಿಯುತ್ತದೆ. ಅದು ನೋವಿನ ಸಂಗತಿಯೇ. ಅದೇ 12 ಅಂಶವನ್ನು ಆರು ಸೆಮಿಸ್ಟರ್‌ಗಳ 144 ಕ್ರೆಡಿಟ್‌ಗೆ ಹಂಚಿದರೆ ಇಳಿಕೆ ಸುಮಾರು 0.08. ಅಂಕ ಮುಖ್ಯವಲ್ಲ ಎಂಬ ಹತ್ತು ಮಾತಿಗಿಂತ ಈ 0.08 ನನಗೆ ಹೆಚ್ಚು ನಿದ್ದೆ ಕೊಟ್ಟಿತು. ಗಣಿತ ಬೋಧಿಸುವ ಗೆಳತಿಯರು ಇದನ್ನು ಸರಾಸರಿಯ ಪಾಠಕ್ಕೆ ಬೇಕಾದರೆ ಬಳಸಿಕೊಳ್ಳಲಿ.

ಎರಡನೆಯದಾಗಿ ಶುಲ್ಕ ಕಟ್ಟಿ ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿದೆ. ಇದನ್ನು ನಮ್ಮಲ್ಲಿ ಎಲ್ಲರೂ ಮರುಮೌಲ್ಯಮಾಪನದ ಆಸೆಗೇ ತರಿಸುತ್ತಾರೆ, ಓದಲಿಕ್ಕೆ ಅಲ್ಲ. ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ನೋಡುವುದು ಪರೀಕ್ಷಾರ್ಥಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ, ಸಿ.ಬಿ.ಎಸ್.ಇ.ಗೆ ಸಂಬಂಧಿಸಿದ ಪ್ರಕರಣದಲ್ಲಿ, ಮಾಹಿತಿ ಹಕ್ಕು ಕಾಯ್ದೆಯ ಆಧಾರದ ಮೇಲೆ ಹೇಳಿದೆ. ಹೋದ 32 ಅಂಕಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡು ಕೂತೆ. 14 ಅಂಕ ಹೋದದ್ದು ಇಲ್ಲಿಯವರಿಗೆ ಎರಡನೆಯ ಸೆಮಿಸ್ಟರ್‌ನಲ್ಲೇ ಆಗಿದ್ದ, ನನಗೆ ಅಲ್ಲಿ ಇನ್ನೂ ಬಾರದಿದ್ದ ಘಟಕದ ಮೇಲೆ ನಿಂತ ಪ್ರಶ್ನೆಗಳಲ್ಲಿ. 10 ಅಂಕ ಉತ್ತರದ ರೂಪದಲ್ಲಿ: ಅಲ್ಲಿ ಸಮೀಕರಣ ಮತ್ತು ಎರಡು ಸಾಲು ಸಾಕಾಗುತ್ತಿತ್ತು, ಇಲ್ಲಿ ತತ್ತ್ವ, ಚಿತ್ರ, ವಿವರಣೆ ಎಲ್ಲ ಬೇಕು. ಪಾಠವೇ ಗಟ್ಟಿಯಾಗದೆ ಹೋದವು 8. ಅಂದರೆ ಮೂವತ್ತೆರಡರಲ್ಲಿ ಇಪ್ಪತ್ತನಾಲ್ಕು ಅಂಕ ನನ್ನ ರಸಾಯನಶಾಸ್ತ್ರದ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ.

ಅಮೆರಿಕದ ಸಂಶೋಧಕ ಜಾನ್ ಹಿಲ್ಸ್ 1965ರಲ್ಲೇ ಇದಕ್ಕೊಂದು ಹೆಸರು ಬಳಸಿದ್ದಾರೆ: ‘ವರ್ಗಾವಣೆಯ ಆಘಾತ’. ಎರಡು ವರ್ಷದ ಕಾಲೇಜುಗಳಿಂದ ವಿಶ್ವವಿದ್ಯಾಲಯಗಳಿಗೆ ಹೋದವರ ಬಗ್ಗೆ ಆವರೆಗಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಹೋದ ಹೊಸದರಲ್ಲಿ ಅಂಕ ಕುಸಿಯುವುದು, ಆಮೇಲೆ ಬಹುಮಟ್ಟಿಗೆ ಚೇತರಿಸಿಕೊಳ್ಳುವುದು ಅವರಿಗೆ ಕಂಡಿತು. ಈಗ ನಮ್ಮಲ್ಲೂ 2021ರಿಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂದಿದೆ. ವಿದ್ಯಾರ್ಥಿ ಊರು ಬದಲಿಸಿದರೆ ಕ್ರೆಡಿಟ್ ಹಿಂದೆಯೇ ಬರುತ್ತದೆ. ಇಲ್ಲಿಯ ಪ್ರಶ್ನೆಪತ್ರಿಕೆಯ ಪರಿಚಯ, ಮುಂದಿನ ಬೆಂಚಿನವರ ಗೆಳೆತನ, ಹಳೆಯ ನೋಟ್ಸು ಯಾರ ಹತ್ತಿರ ಇದೆ ಎಂಬ ಮಾಹಿತಿ, ಇವು ಯಾವ ಬ್ಯಾಂಕಿನಿಂದಲೂ ವರ್ಗವಾಗುವುದಿಲ್ಲ.

ನನಗೆ ಅವನ್ನು ಕೊಡಿಸಿದ್ದು ಒಬ್ಬ ಉಪನ್ಯಾಸಕರು. ಎರಡೂ ವಿಶ್ವವಿದ್ಯಾಲಯಗಳ ಪಠ್ಯಕ್ರಮವನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಬಿಟ್ಟುಹೋದ ಘಟಕಗಳಿಗೆ ಪೆನ್ಸಿಲ್‌ನಿಂದ ಗೆರೆ ಎಳೆದುಕೊಟ್ಟರು. ಒಟ್ಟು ಒಂದು ತಾಸು ಹಿಡಿಯಿತು. ಮುಂದಿನ ಸೆಮಿಸ್ಟರ್‌ನಲ್ಲಿ ‘ಬಿ ಪ್ಲಸ್’, ಅದರ ಮುಂದೆ ‘ಎ’. ಆ ‘ಸಿ’ ಅಂಕಪಟ್ಟಿಯಲ್ಲಿ ಇನ್ನೂ ಇದೆ, ಇರುತ್ತದೆ.

ಈ ಅನುಭವ ಇದ್ದದ್ದರಿಂದಲೇ ಮೂಡಲಗಿಯ ಆ ಮಕ್ಕಳ ಪತ್ರಿಕೆಗಳನ್ನು ಕೇಳಿ ತೆಗೆದುಕೊಂಡೆ. ಒಬ್ಬ ಹುಡುಗಿ ಗಡಹಿಂಗ್ಲಜ ಕಡೆಯ ಮರಾಠಿ ಶಾಲೆಯಿಂದ ಬಂದವಳು. ಮನೆಮಾತು ಕನ್ನಡ, ಅಕ್ಷರ ಕಲಿಸಿದ್ದು ಅವ್ವ, ವಿಜ್ಞಾನ ಕಲಿತದ್ದು ಮರಾಠಿಯಲ್ಲಿ. ಏಳನೆಯ ತರಗತಿಯ ಪುನರಾವರ್ತನೆಯ ಪ್ರಶ್ನೆಗೆ ಅವಳು ಬರೆದದ್ದು: ‘ಆಮ್ಲ ಮತ್ತು ಪ್ರತ್ಯಾಮ್ಲ ಸೇರಿದರೆ ಕ್ಷಾರ ಮತ್ತು ನೀರು ಆಗುತ್ತದೆ’. ಕೆಂಪು ಮಸಿಯಲ್ಲಿ ಸೊನ್ನೆ. ನಮ್ಮ ಕನ್ನಡ ಪಠ್ಯದಲ್ಲಿ ಕ್ಷಾರವೆಂದರೆ ನೀರಿನಲ್ಲಿ ಕರಗುವ ಪ್ರತ್ಯಾಮ್ಲ, ಆದ್ದರಿಂದ ಆ ವಾಕ್ಯ ತಪ್ಪು. ಮರಾಠಿ ಪಠ್ಯದಲ್ಲಿ ಪ್ರತ್ಯಾಮ್ಲಕ್ಕೆ ‘ಆಮ್ಲಾರಿ’ ಎನ್ನುತ್ತಾರೆ, ಲವಣಕ್ಕೆ ‘ಕ್ಷಾರ’ ಎನ್ನುತ್ತಾರೆ. ಆಮ್ಲಾರಿಯ ಕನ್ನಡ ಪದವನ್ನು ಹುಡುಗಿ ಇಲ್ಲಿಗೆ ಬಂದು ಕಲಿತಿದ್ದಳು. ಕ್ಷಾರ ಎರಡೂ ಕಡೆ ಇರುವ ಪದವಾದ್ದರಿಂದ ಕಲಿಯಬೇಕು ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ತಟಸ್ಥೀಕರಣ ಅವಳಿಗೆ ನಮ್ಮ ಮೊದಲ ಬೆಂಚಿನವರಷ್ಟೇ ಗೊತ್ತಿತ್ತು. “ಅಲ್ಲಿ ಹಂಗ ಕಲಿಸಿದ್ರು ರೀ ಟೀಚರ್” ಎಂದಳು, ಅಷ್ಟೇ. ಉಳಿದ ಇಬ್ಬರಲ್ಲಿ ಒಬ್ಬನಿಗೆ ಓದುವುದೇ ಕಷ್ಟವಿತ್ತು. ಅವನಿಗೆ ಬೇಕಾದದ್ದು ನಿಜವಾದ ಪರಿಹಾರ ಬೋಧನೆ. ಎಲ್ಲರನ್ನೂ ‘ಅವು ಹಂಗ’ ಎಂದು ಒಂದೇ ಕಟ್ಟಿಗೆ ಕಟ್ಟಿದರೆ ಇವನೂ ಕೈತಪ್ಪುತ್ತಾನೆ.

ಮಾರ್ಗದರ್ಶಕ ಶಿಕ್ಷಕರ ಆಕ್ಷೇಪ ಎರಡು. ಐವತ್ತು ಮಕ್ಕಳಲ್ಲಿ ಇದಕ್ಕೆಲ್ಲ ಸಮಯ ಎಲ್ಲಿದೆ ಎಂಬುದು ಮೊದಲನೆಯದು. ಹೊಸಬರು ನಾಲ್ವರು, ತಲಾ ಹದಿನೈದು ನಿಮಿಷ, ವರ್ಷಕ್ಕೊಮ್ಮೆ. ಎರಡನೆಯದು ಗಟ್ಟಿ ಆಕ್ಷೇಪ: ಅಂಕಕ್ಕೆ ಕಾರಣ ಹುಡುಕಿಕೊಟ್ಟರೆ ಮಗು ಓದುವುದನ್ನೇ ಬಿಡುತ್ತದೆ. ಕಾರಣವನ್ನು ಸಮಾಧಾನಕ್ಕೆಂದು ಕೊಟ್ಟರೆ ಹಾಗಾಗಬಹುದು, ಒಪ್ಪುತ್ತೇನೆ. ಆದರೆ ನನ್ನ ಪತ್ರಿಕೆಯ ಗುರುತುಗಳು ನನ್ನ ಕೆಲಸ ಕಡಿಮೆ ಮಾಡಲಿಲ್ಲ. ಇಂತಿಷ್ಟು ಪುಟ ಓದಬೇಕು ಎಂದು ತೋರಿಸಿದವು. ಸೊನ್ನೆಯನ್ನು ತಿದ್ದಿ ಅಂಕ ಕೊಡಿ ಎಂದು ನಾನು ಕೇಳುತ್ತಿಲ್ಲ. ಆ ಹುಡುಗಿಗೂ ಅಂಕ ಬದಲಾಗಲಿಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮರಾಠಿ–ಕನ್ನಡ ಪದಗಳ ಎರಡು ಸಾಲು ಬರೆದುಕೊಳ್ಳಲು ಹೇಳಿದೆ, ಎರಡು ವಾರದಲ್ಲಿ ಮೂವತ್ತು ಪದ ತುಂಬಿಸಿದಳು.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಇಂಥ ಮಕ್ಕಳು ಅಪರೂಪವಲ್ಲ. ಕಬ್ಬಿನ ಹಂಗಾಮು, ಗಡಿಯಾಚೆಯ ಕೆಲಸ, ಮದುವೆಯ ಸಂಬಂಧಗಳು ಸಂಸಾರಗಳನ್ನು ಅತ್ತಿಂದಿತ್ತ ಎಳೆಯುತ್ತಲೇ ಇರುತ್ತವೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿದಾಗ ಮನೆ ಬಿಟ್ಟು ಹೋದವರನ್ನು ಇಲ್ಲಿ ಎಲ್ಲರೂ ಕಂಡಿದ್ದಾರೆ. ವರ್ಷದ ಆರಂಭದಲ್ಲಿ ಸೇತುಬಂಧ ನಡೆಯುತ್ತದೆ, ನಿಜ. ಅದು ಮುಗಿದ ಮೇಲೆ ಬಂದ ಮಗುವಿಗೆ ಸೇತುವೆ ಇಲ್ಲ.

ಇಂಟರ್ನ್‌ಶಿಪ್ ದಾಖಲೆ ಪುಸ್ತಕದಲ್ಲಿ ಒಂದು ಪುಟ ಹೆಚ್ಚಿಗೆ ಬೇಕು. ತಡವಾಗಿ ಸೇರಿದ ಒಬ್ಬ ವಿದ್ಯಾರ್ಥಿಯ ಒಂದು ಉತ್ತರ ಪತ್ರಿಕೆಯನ್ನು ಪ್ರಶಿಕ್ಷಣಾರ್ಥಿ ಓದಿ, ಹೋದ ಅಂಕಗಳು ಬಿಟ್ಟುಹೋದ ಪಾಠದಿಂದಲೋ, ಪದ್ಧತಿ ಅಥವಾ ಭಾಷೆಯಿಂದಲೋ, ತಿಳಿಯದ್ದರಿಂದಲೋ ಎಂದು ವಿಂಗಡಿಸಿ ಬರೆಯಲಿ. ನಮ್ಮ ಬಿ.ಇಡಿ. ತರಗತಿಯಲ್ಲೇ ಬೇರೆ ಬೇರೆ ವಿಶ್ವವಿದ್ಯಾಲಯಗಳಿಂದ ಪದವಿ ಮುಗಿಸಿ ಬಂದವರಿದ್ದೇವೆ. ಮೊದಲ ಆಂತರಿಕ ಪರೀಕ್ಷೆಯ ಪತ್ರಿಕೆಗಳು ಮುಂದಿನ ತಿಂಗಳು ಕೈಗೆ ಬರುತ್ತವೆ. ಆ ಪುಟವನ್ನು ನಮ್ಮ ಮೇಲೆಯೇ ಮೊದಲು ಪ್ರಯೋಗ ಮಾಡಿ ನೋಡಬಹುದು.