ಲಿವರ್ ಗಡ್ಡೆಗೆ ವಿಕಿರಣ ಮಣಿ: ಅಂಕಿ-ಅಂಶ ಹೇಳೋದೇನು?

ಆಪರೇಷನ್ ಮಾಡಲಾಗದ ಲಿವರ್ ಗಡ್ಡೆಗೆ ರೇಡಿಯೊಎಂಬೊಲೈಸೇಶನ್ ಎಂಬ ಚಿಕಿತ್ಸೆ ಇದೆ. ತೊಡೆಸಂದು ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಯಿಟ್ರಿಯಂ-90 ಇರುವ ಸೂಕ್ಷ್ಮ ಮಣಿಗಳನ್ನು ಗಡ್ಡೆಗೇ ತಲುಪಿಸುತ್ತಾರೆ. ವಿಕಿರಣ ಒಳಗಿಂದಲೇ ಕೆಲಸ ಮಾಡುತ್ತದೆ.

ಯುರೋಪಿನ 8 ದೇಶಗಳಲ್ಲಿ ಈ ಚಿಕಿತ್ಸೆ ಪಡೆದ 1,027 ಮಂದಿಯನ್ನು ಸಿಐಆರ್‌ಟಿ ಅಧ್ಯಯನ ಗಮನಿಸಿತು. ಲಿವರ್ ಜೀವಕೋಶದಲ್ಲೇ ಕ್ಯಾನ್ಸರ್ ಹುಟ್ಟಿದವರಲ್ಲಿ ಅರ್ಧದಷ್ಟು ಜನ 16.5 ತಿಂಗಳು ದಾಟಿದರು. ಕರುಳಿನಿಂದ ಹಬ್ಬಿದ್ದವರಲ್ಲಿ ಇದು 9.8 ತಿಂಗಳು.

ಹಾಗಂತ ಮಾತ್ರೆಗಿಂತ ಇದೇ ಮೇಲು ಎನ್ನುವಂತಿಲ್ಲ. ಯಾರಿಗೆ ಒಗ್ಗುತ್ತದೆಂದು ನೋಡಿ ವೈದ್ಯರೇ ಆರಿಸಿದ ರೋಗಿಗಳು ಇವರು. ಹೋಲಿಸಲು ಬೇರೆ ಗುಂಪು ಇರಲಿಲ್ಲ. 2017ರಲ್ಲಿ ಪ್ರಕಟವಾದ ಫ್ರಾನ್ಸಿನ ‘ಸಾರಾ’ ಪ್ರಯೋಗದಲ್ಲಿ ಸೊರಾಫೆನಿಬ್ ಮಾತ್ರೆ ಜೊತೆ ಹೋಲಿಸಿದಾಗ ಮಣಿಯಿಂದ ಆಯಸ್ಸು ಹೆಚ್ಚಲಿಲ್ಲ: ಮಣಿಗೆ 8, ಮಾತ್ರೆಗೆ 9.9 ತಿಂಗಳು. ಅಡ್ಡಪರಿಣಾಮ ಮಾತ್ರ ಮಣಿಯಲ್ಲಿ ಕಡಿಮೆ.

ಬೆಂಗಳೂರಿನಲ್ಲೂ ಇದು ಸಿಗುತ್ತದೆ, ಖರ್ಚು ಲಕ್ಷಗಟ್ಟಲೆ. ಜಮೀನೋ ಅಂಗಡಿಯೋ ಅಡ ಇಡೋ ಮುಂಚೆ ಮನೆಯವರು ವೈದ್ಯರನ್ನು ಕೇಳಬೇಕಾದ್ದು ಮೂರೇ: ಗಡ್ಡೆ ಲಿವರ್‌ನಲ್ಲಷ್ಟೇ ಇದೆಯಾ? ಉಳಿದ ಲಿವರ್ ಇದನ್ನು ತಡೆಯುತ್ತಾ? ಬೇರೆ ಔಷಧಿ ಬಿಟ್ಟು ಇದೇ ಯಾಕೆ?