ಉತ್ಸವಮೂರ್ತಿ ಮತ್ತು ಉಮೇದುವಾರ

ನಮ್ಮ ದೇವಾಲಯಗಳಲ್ಲಿ ಗರ್ಭಗುಡಿಯ ಮೂಲವಿಗ್ರಹವು ಕದಲುವುದಿಲ್ಲ. ಬೀದಿಗೆ ಬರುವುದು ಉತ್ಸವಮೂರ್ತಿ. ಹೆಗಲ ಮೇಲೆ ಹೊರುವಷ್ಟು ಅಳತೆಯಲ್ಲಿ ಎರಕ ಹೊಯ್ದ ಆ ಮೂರ್ತಿಗೆ ಯಾವ ಬೀದಿಯವರು ಯಾವ ಹಾರವನ್ನು ಹಾಕಿದರೂ ಒಪ್ಪುತ್ತದೆ. ಯಾರು ಯಾವ ಹರಕೆಯನ್ನು ಹೇಳಿಕೊಂಡರೂ ಅದು ಅಲ್ಲವೆನ್ನುವುದಿಲ್ಲ. ಪ್ರಜಾಪ್ರಭುತ್ವದಲ್ಲಿ ಜನರ ಮನಸ್ಸನ್ನು ಸೂರೆಗೊಂಡ ಉಮೇದುವಾರನೊಬ್ಬನು ಚುನಾವಣೆಗೆ ಹೊರಟಾಗ ನಡೆಯುವುದೂ ಹೆಚ್ಚು ಕಡಮೆ ಇದೇ. ಆ ಉತ್ಸವದ ಸಂಭ್ರಮವನ್ನೂ ಅದರ ಬಗೆಗೆ ಎದ್ದ ಸಂದೇಹವನ್ನೂ ಒಟ್ಟಿಗೆ ನೋಡಬೇಕೆನ್ನುವವರಿಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 2008ರಲ್ಲಿ ನಡೆದ ಅಧ್ಯಕ್ಷ ಚುನಾವಣೆಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಪರದೇಶದ ರಾಜಕಾರಣಕ್ಕೂ ಸಾಹಿತ್ಯದ ಪುಟಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಆ ಚುನಾವಣೆಯಲ್ಲಿ ಮೊದಲಿನಿಂದ ಕೊನೆಯವರೆಗೆ ವಾದಕ್ಕೆ ಗುರಿಯಾದುದು ಮಾತಿನ ಶಕ್ತಿ. ಅದಕ್ಕಿಂತ ನಮಗೆ ಹತ್ತಿರವಾದ ವಿಷಯ ಬೇರೆ ಯಾವುದು?

ಶ್ರೀ ಬರಾಕ್ ಒಬಾಮ ಅವರು ಬೆಳಕಿಗೆ ಬಂದುದೇ ಒಂದು ಭಾಷಣದಿಂದ. 2004ರ ಜುಲೈ 27ರಂದು ಬಾಸ್ಟನ್ ನಗರದಲ್ಲಿ ಸೇರಿದ್ದ ಡೆಮೊಕ್ರಾಟಿಕ್ ಪಕ್ಷದ ಅಧಿವೇಶನದಲ್ಲಿ ಅವರು ಮಾತನಾಡಿದಾಗ ಇಲಿನಾಯ್ ರಾಜ್ಯದ ಶಾಸನಸಭೆಯ ಸದಸ್ಯರಷ್ಟೇ ಆಗಿದ್ದರು. ಕೀನ್ಯಾ ದೇಶದ ತಂದೆ, ಕ್ಯಾನ್ಸಸ್ ರಾಜ್ಯದ ಬಿಳಿಯ ತಾಯಿ, ಹವಾಯಿಯಲ್ಲಿ ಜನನ, ಇಂಡೋನೇಷಿಯದಲ್ಲಿ ಬಾಲ್ಯದ ಕೆಲವು ವರ್ಷ: ಈ ಕಥೆಯನ್ನು ಅವರು 1995ರಲ್ಲಿಯೇ ಒಂದು ಪುಸ್ತಕವಾಗಿ ಬರೆದಿದ್ದರು. ಅಧಿಕಾರಕ್ಕೆ ಬಂದ ಮೇಲೆ ಇತರರಿಂದ ಬರೆಸಿಕೊಳ್ಳುವ ಆತ್ಮಕಥೆಗಳ ಜಾತಿಯದಲ್ಲ ಆ ಪುಸ್ತಕ, ಬರೆಯಬಲ್ಲವನು ಬರೆದದ್ದು. 2007ರ ಫೆಬ್ರವರಿ 10ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅವರು ತಮ್ಮ ಉಮೇದುವಾರಿಕೆಯನ್ನು ಸಾರಿದರು. ನಿಂತ ಸ್ಥಳ ಹಿಂದೆ ಅಬ್ರಹಾಂ ಲಿಂಕನ್ನರು ಮಾತನಾಡಿದ್ದ ಹಳೆಯ ಶಾಸನಭವನದ ಎದುರು. ಸ್ಥಳದ ಆಯ್ಕೆಯೂ ಒಂದು ಅಲಂಕಾರವೇ.

ಆಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಿಳಿಯರಿದ್ದ ಅಯೋವ ರಾಜ್ಯದಲ್ಲಿ 2008ರ ಜನವರಿ 3ರಂದು ಅವರು ಗೆದ್ದಾಗ, ಅದುವರೆಗೆ ಅನುಮಾನಿಸುತ್ತಿದ್ದ ಕಪ್ಪು ಜನರಲ್ಲಿಯೂ ನಂಬಿಕೆ ಮೂಡಿತು. ಐದು ದಿನಗಳ ತರುವಾಯ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶ್ರೀಮತಿ ಹಿಲರಿ ಕ್ಲಿಂಟನ್ ಅವರ ಎದುರು ಸೋತರು. ಆ ಸೋಲಿನ ರಾತ್ರಿಯ ಭಾಷಣದಲ್ಲಿಯೇ ‘ನಮ್ಮಿಂದ ಸಾಧ್ಯ’ ಎಂಬ ಘೋಷಣೆ ದೇಶವನ್ನೆಲ್ಲ ವ್ಯಾಪಿಸಿದುದು ವಿಚಿತ್ರವಾದರೂ ನಿಜ. ಆ ಘೋಷಣೆ ಹೊಸದೇನಲ್ಲ. 1972ರಲ್ಲಿ ಸೀಸರ್ ಚಾವೆಸ್ ಮತ್ತು ಡೊಲೊರೆಸ್ ಹುಯೆರ್ಟಾ ಅವರ ನಾಯಕತ್ವದಲ್ಲಿ ಹೋರಾಡಿದ ಹೊಲದ ಕೂಲಿಕಾರರು ಅದನ್ನು ಸ್ಪ್ಯಾನಿಷ್ ಭಾಷೆಯಲ್ಲಿ ಕೂಗಿದ್ದರು.

ಇದು ಬರಿಯ ಮಾತಿನ ಮೋಡಿ ಎಂದು ಎದುರಾಳಿಗಳು ಹೇಳತೊಡಗಿದರು. ಫೆಬ್ರವರಿಯಲ್ಲಿ ಮಿಲ್ವಾಕಿ ನಗರದಲ್ಲಿ ಶ್ರೀ ಒಬಾಮ ಇದಕ್ಕೆ ಉತ್ತರ ಕೊಟ್ಟರು. ದೇಶದ ಸ್ವಾತಂತ್ರ್ಯ ಘೋಷಣೆಯೂ ಮಾರ್ಟಿನ್ ಲೂಥರ್ ಕಿಂಗರ ಕನಸೂ ಬರಿಯ ಮಾತುಗಳೇನು ಎಂದು ಕೇಳಿದರು. ಉತ್ತರವೇನೋ ಸೊಗಸಾಗಿದ್ದಿತು. ತೊಡಕೆಂದರೆ, ಅದೇ ಪ್ರಶ್ನೆಯನ್ನು ಹೆಚ್ಚು ಕಡಮೆ ಅದೇ ಮಾತುಗಳಲ್ಲಿ ಮ್ಯಾಸಚೂಸೆಟ್ಸ್‌ನ ಶ್ರೀ ಡೆವಲ್ ಪ್ಯಾಟ್ರಿಕ್ ಅವರು 2006ರಲ್ಲಿಯೇ ಕೇಳಿಯಾಗಿತ್ತು. ಸ್ನೇಹಿತರು ತಾವೇ ಅದನ್ನು ಬಳಸಿಕೊಳ್ಳಲು ಹೇಳಿದ್ದೆವೆಂದರು. ಕೃತಿಚೌರ್ಯದ ಗದ್ದಲ ಕೆಲವು ದಿನ ನಡೆದು ಅಡಗಿತು. ಸಾಹಿತಿಗಳ ಲೋಕದಲ್ಲಿ ಇಷ್ಟು ಸುಲಭವಾಗಿ ಅಡಗುತ್ತಿತ್ತೋ ಇಲ್ಲವೋ! ಮಾತಿನ ಸಾಮರ್ಥ್ಯವನ್ನು ಸಾಧಿಸಲು ಹೊರಟ ಮಾತೇ ಎರವಲಾಗಿದ್ದುದು ನಮಗೆ ಇಂದಿಗೂ ತಮಾಷೆಯಾಗಿ ಕಾಣುತ್ತದೆ.

ಉತ್ಸಾಹ ಮಾತ್ರ ಏರುತ್ತಲೇ ಹೋಯಿತು. ಜುಲೈ 24ರಂದು ಬರ್ಲಿನ್ನಿನ ವಿಜಯಸ್ತಂಭದ ಬಳಿ ಅವರ ಮಾತು ಕೇಳಲು ಸುಮಾರು ಎರಡು ಲಕ್ಷ ಜನ ನೆರೆದರು. ಅವರಲ್ಲಿ ಬಹುಮಂದಿಗೆ ಆ ಚುನಾವಣೆಯಲ್ಲಿ ಮತವೇ ಇರಲಿಲ್ಲ. ಆಗಸ್ಟ್ 28ರಂದು ಡೆನ್ವರ್ ನಗರದ ಕ್ರೀಡಾಂಗಣದಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಜನ. ಅತ್ತ ಎದುರು ಪಕ್ಷದ ಶ್ರೀ ಜಾನ್ ಮೆಕೇನ್ ಅವರ ಪ್ರಚಾರಕರು ಇವರನ್ನು ಸಿನಿಮಾ, ಸಂಗೀತಗಳ ತಾರೆಯರೊಡನೆ ಸೇರಿಸಿ ಹಾಸ್ಯ ಮಾಡಿದರು. ನಾವೂ ಹಿಂದೆ ಬೀಳಲಿಲ್ಲ. ಜನರು ಕೊಟ್ಟ ಸಣ್ಣಪುಟ್ಟ ಶುಭವಸ್ತುಗಳನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ವಾಡಿಕೆ ಶ್ರೀ ಒಬಾಮ ಅವರಿಗೆ ಇದ್ದಿತು; ಅವುಗಳಲ್ಲಿ ಒಂದು ಪುಟ್ಟ ಹನುಮಂತನ ಮೂರ್ತಿ. ಸೆನೆಟ್ ಕಚೇರಿಯ ಗೋಡೆಯ ಮೇಲೆ ಗಾಂಧೀಜಿಯವರ ಚಿತ್ರವಿದ್ದಿತು. ಇವೆರಡೇ ಸಾಕಾಯಿತು, ನಮ್ಮಲ್ಲಿ ಎಷ್ಟೋ ಮಂದಿ ಆತ ನಮ್ಮವನೇ ಎಂದು ತೀರ್ಮಾನಿಸಲು. ಅಧ್ಯಕ್ಷರಾಗಿ ನಾಲ್ಕು ತಿಂಗಳು ತುಂಬುವುದರೊಳಗೆ, 2009ರ ಮೇ 4ರಂದು, ನ್ಯೂಯಾರ್ಕ್ ರಾಜ್ಯದ ಬಫೆಲೊದಲ್ಲಿ ಕೆಲಸ ಸೃಷ್ಟಿಸುವವನಿಗಿಂತ ಭಾರತದ ಬೆಂಗಳೂರಿನಲ್ಲಿ ಸೃಷ್ಟಿಸುವವನಿಗೆ ಕಡಮೆ ತೆರಿಗೆ ಬೀಳುವಂಥ ಕಾನೂನು ತಪ್ಪೆಂದು ಅವರು ಹೇಳಿದಾಗ ಬೆಂಗಳೂರು ಬೆಚ್ಚಿಬಿದ್ದಿತು. ಬೆಚ್ಚುವಂಥದೇನಿರಲಿಲ್ಲ. ಹೊರದೇಶಕ್ಕೆ ಕೆಲಸ ಕಳಿಸುವ ಕಂಪನಿಗಳಿಗೆ ತೆರಿಗೆಯ ರಿಯಾಯಿತಿ ನಿಲ್ಲಿಸುವೆನೆಂದು ಅವರು ಚುನಾವಣೆಯುದ್ದಕ್ಕೂ ಹೇಳುತ್ತಲೇ ಬಂದಿದ್ದರು. ಹನುಮಂತನನ್ನು ಕಂಡವರು ಅದನ್ನು ಕೇಳಿಸಿಕೊಂಡಿರಲಿಲ್ಲ.

ಈ ಅಪಾಯವನ್ನು ಎಲ್ಲರಿಗಿಂತ ಮೊದಲು ಕಂಡವರು ಅವರೇ ಎಂಬುದನ್ನು ನ್ಯಾಯವಾಗಿ ಹೇಳಬೇಕು. 2006ರಲ್ಲಿ ಪ್ರಕಟವಾದ ತಮ್ಮ ಎರಡನೆಯ ಪುಸ್ತಕದ ಆರಂಭದಲ್ಲಿಯೇ, ಭಿನ್ನ ಭಿನ್ನ ಮತದ ಜನ ತಮ್ಮನ್ನು ಖಾಲಿ ಪರದೆಯೆಂದು ಬಗೆದು ತಂತಮ್ಮ ಅಭಿಪ್ರಾಯಗಳನ್ನು ಅದರ ಮೇಲೆ ಮೂಡಿಸಿಕೊಳ್ಳುತ್ತಾರೆಂದೂ, ಹಾಗಾಗಿ ಎಲ್ಲರಿಗಲ್ಲದಿದ್ದರೂ ಕೆಲವರಿಗೆ ನಿರಾಶೆ ತಪ್ಪದೆಂದೂ ಬರೆದಿದ್ದರು. ಯುದ್ಧದ ವಿಷಯವನ್ನೇ ನೋಡಿ. ಇರಾಕ್ ಯುದ್ಧವನ್ನು ಅವರು 2002ರ ಅಕ್ಟೋಬರ್ 2ರಂದೇ ಶಿಕಾಗೋ ನಗರದ ಬಹಿರಂಗ ಸಭೆಯಲ್ಲಿ ವಿರೋಧಿಸಿದ್ದರು. ಶಾಂತಿಪ್ರಿಯರೆಲ್ಲ ಅದನ್ನು ನೆನೆದು ಅವರ ಹಿಂದೆ ನಡೆದರು. ಆದರೆ ತಾವು ಎಲ್ಲ ಯುದ್ಧಗಳಿಗೂ ವಿರೋಧಿಯಲ್ಲವೆಂದು ಅದೇ ಸಭೆಯಲ್ಲಿ ಮತ್ತೆ ಮತ್ತೆ ಹೇಳಿದ್ದರು. ಆಫ್ಘಾನಿಸ್ತಾನಕ್ಕೆ ಇನ್ನಷ್ಟು ಸೇನೆ ಕಳಿಸುವೆನೆಂದು 2008ರಲ್ಲಿ ಬಹಿರಂಗವಾಗಿಯೇ ಸಾರಿದ್ದರು. 2009ರ ಡಿಸೆಂಬರ್ 1ರಂದು ಮೂವತ್ತು ಸಾವಿರ ಸೈನಿಕರನ್ನು ಕಳಿಸುವ ನಿರ್ಧಾರ ಹೊರಬಿದ್ದಾಗ, ಒಂಬತ್ತು ದಿನಗಳ ಅನಂತರ ಅವರು ಆಸ್ಲೋ ನಗರದಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಸ್ವೀಕರಿಸಿ ನ್ಯಾಯವಾದ ಯುದ್ಧವೂ ಉಂಟೆಂದು ಉಪನ್ಯಾಸ ಕೊಟ್ಟಾಗ, ವಂಚನೆಯಾಯಿತೆಂದು ಅತ್ತವರು ಬಹಳ. ಭಾಷಣಕಾರನು ಅಲ್ಲಿ ಮಾತು ತಪ್ಪಿರಲಿಲ್ಲ.

ಇನ್ನು ಸಂದೇಹದ ಮಾತು. ನಂಬದವರೆಲ್ಲ ಜಾಣರೆಂದು ತಿಳಿಯುವ ಒಂದು ರೂಢಿ ವಿದ್ಯಾವಂತರಲ್ಲಿ ಇದೆ. ರಾಮನಾಳಿದರೂ ರಾವಣನಾಳಿದರೂ ರಾಗಿ ಬೀಸುವುದು ತಪ್ಪಲಿಲ್ಲವೆಂಬ ಗಾದೆ ನಮ್ಮ ಹಳ್ಳಿಯ ಹೆಂಗಸಿನ ಬಾಯಲ್ಲಿ ಅನುಭವದ ಮಾತು. ಬೀಸುವ ಕಲ್ಲಿನ ಹಿಡಿ ಆಕೆಯ ಕೈಯಲ್ಲಿದೆ. ರಾಗಿಯನ್ನು ಎಂದೂ ಬೀಸದವನು ಆರಾಮಕುರ್ಚಿಯಲ್ಲಿ ಒರಗಿ ಅದೇ ಮಾತನ್ನಾಡಿದರೆ ಅದು ಸೋಮಾರಿತನಕ್ಕೆ ತೊಡಿಸಿದ ವೇದಾಂತದ ಅಂಗಿ. 2008ರಲ್ಲಿ ಇಂಥ ಅಂಗಿ ತೊಟ್ಟವರು ಅಮೆರಿಕದಲ್ಲಿ ಧಾರಾಳವಾಗಿ ಕಾಣಸಿಕ್ಕಿದರು. ಅವರಿಗೆ ಉಮೇದುವಾರನ ಹಿಂದಿನ ದಾಖಲೆಯನ್ನು ಓದುವ ಶ್ರಮವೂ ಬೇಕಾಗಿರಲಿಲ್ಲ.

ಸಂದೇಹದ ವೇಷದಲ್ಲಿ ಅಪವಾದವೂ ಬಂದಿತು. ಆತ ಹುಟ್ಟಿದ್ದು ಬೇರೆ ದೇಶದಲ್ಲಿ, ಗುಟ್ಟಾಗಿ ಬೇರೆ ಮತದವನು ಎಂದು ಪಿಸುಮಾತು ಹರಡಿತು. ಅಕ್ಟೋಬರ್ 10ರಂದು ಮಿನೆಸೋಟ ರಾಜ್ಯದ ಸಭೆಯೊಂದರಲ್ಲಿ ಹೆಂಗಸೊಬ್ಬಳು ಒಬಾಮ ಅರಬನೆಂದಾಗ ಶ್ರೀ ಮೆಕೇನ್ ಆಕೆಯ ಕೈಯಿಂದ ಧ್ವನಿವರ್ಧಕವನ್ನು ತೆಗೆದುಕೊಂಡು, ಹಾಗಲ್ಲ, ಆತ ಸಭ್ಯ ಗೃಹಸ್ಥ, ತಮಗೂ ಆತನಿಗೂ ಇರುವುದು ಮೂಲಭೂತ ವಿಷಯಗಳಲ್ಲಿ ಭಿನ್ನಾಭಿಪ್ರಾಯವಷ್ಟೆ ಎಂದರು. ತಮ್ಮವರೇ ಗೊಣಗಿದರೂ ಅಂದ ಮಾತು ಅದು. ಇನ್ನೂ ಮುಂದೆ ಹೋದವರು ಜನರಲ್ ಕಾಲಿನ್ ಪೊವೆಲ್. ಆತ ಮುಸಲ್ಮಾನನಲ್ಲ, ನಿಜ. ಆಗಿದ್ದರೆ ತಪ್ಪೇನಿತ್ತು, ಈ ದೇಶದ ಮುಸಲ್ಮಾನ ಮಗುವೊಂದು ಅಧ್ಯಕ್ಷನಾಗುವ ಆಸೆ ಪಡಬಾರದೆ ಎಂದು ಅದೇ ತಿಂಗಳು ಅವರು ಕೇಳಿದರು. ಆ ಚುನಾವಣೆಯ ಎಲ್ಲ ಭಾಷಣಗಳಿಗಿಂತಲೂ ಈ ಒಂದು ಪ್ರಶ್ನೆ ಹೆಚ್ಚು ತೂಕದ್ದೆಂದು ನಮ್ಮ ಅಭಿಪ್ರಾಯ. ಹುಟ್ಟಿನ ಪಿಸುಮಾತು ಮಾತ್ರ ಸಾಯಲಿಲ್ಲ; 2011ರ ಏಪ್ರಿಲ್ ತಿಂಗಳಲ್ಲಿ ದೇಶದ ಅಧ್ಯಕ್ಷರು ತಮ್ಮ ಜನನಪತ್ರದ ಪೂರ್ಣ ಪ್ರತಿಯನ್ನು ಪ್ರಕಟಿಸಬೇಕಾಗಿ ಬಂದಿತು.

ಸಂಭ್ರಮಿಸಿದವರನ್ನೂ ಸಂದೇಹಿಸಿದವರನ್ನೂ ಕುರಿತು ಬೇಕಾದಷ್ಟು ಬರೆದಾಗಿದೆ. ಎರಡೂ ಗುಂಪಿಗೆ ಸೇರದ ಮೂರನೆಯವರನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. 2001ರ ಸೆಪ್ಟೆಂಬರ್ ದಾಳಿಯ ತರುವಾಯ ಬುಷ್ ಸರ್ಕಾರವು ನ್ಯಾಯಾಲಯದ ಅಪ್ಪಣೆಯಿಲ್ಲದೆ ಜನರ ದೂರವಾಣಿ ಸಂಭಾಷಣೆಗಳನ್ನು ಕದ್ದು ಕೇಳಿತ್ತು. ಇದಕ್ಕೆ ನೆರವಾದ ಕಂಪನಿಗಳ ಮೇಲೆ ದಾವೆಗಳು ಹೂಡಲ್ಪಟ್ಟಿದ್ದವು. ಆ ಕಂಪನಿಗಳಿಗೆ ಪೂರ್ವಾನ್ವಯವಾಗಿ ರಕ್ಷಣೆ ಕೊಡುವ ಮಸೂದೆ ಬಂದರೆ ಅದನ್ನು ಸೆನೆಟ್ಟಿನಲ್ಲಿ ತಡೆಹಿಡಿಯುವ ಯತ್ನಕ್ಕೆ ಶ್ರೀ ಒಬಾಮ ಬೆಂಬಲ ಕೊಡುವರೆಂದು ಅವರ ಪರವಾಗಿ 2007ರಲ್ಲಿ ಹೇಳಲಾಗಿತ್ತು. 2008ರ ಜೂನ್ ತಿಂಗಳಲ್ಲಿ, ಪಕ್ಷದ ಉಮೇದುವಾರಿಕೆ ಕೈಗೆ ಬಂದ ಮೇಲೆ, ಅವರು ಅಂಥದೇ ಮಸೂದೆಗೆ ಮತ ಕೊಡುವೆನೆಂದರು. ಸಾರ್ವಜನಿಕ ನಿಧಿಯಿಂದ ಹಣ ಪಡೆದು ವೆಚ್ಚಕ್ಕೆ ಮಿತಿ ಹಾಕಿಕೊಳ್ಳುವ ಮಾತಿನಿಂದಲೂ ಅದೇ ತಿಂಗಳು ಹಿಂದೆ ಸರಿದರು. ಒಟ್ಟಿನಲ್ಲಿ ಅವರು ಕೂಡಿಸಿದ ಹಣ 70 ಕೋಟಿ ಡಾಲರುಗಳನ್ನು ಮೀರಿತು.

ಆಗ ಎದ್ದವರು ಅವರದೇ ಕಾರ್ಯಕರ್ತರು. ಮನೆ ಮನೆಗೆ ತಿರುಗಿ, ಹತ್ತೋ ಇಪ್ಪತ್ತೋ ಡಾಲರು ಕೊಟ್ಟು, ಆತ ಗೆಲ್ಲಲೇಬೇಕೆಂದು ದುಡಿಯುತ್ತಿದ್ದವರು. ಜನರು ತಾವೇ ಗುಂಪು ಕಟ್ಟಿಕೊಳ್ಳಲೆಂದು ಉಮೇದುವಾರರು ತೆರೆದಿದ್ದ ಅಂತರ್ಜಾಲ ತಾಣದಲ್ಲಿಯೇ ಒಂದು ಗುಂಪನ್ನು ಕಟ್ಟಿ, ಆ ಮಸೂದೆಗೆ ಮತ ಕೊಡಬೇಡಿರೆಂದು ಅವರನ್ನು ಕೇಳಿಕೊಂಡರು. ಕೆಲವೇ ದಿನಗಳಲ್ಲಿ ಅದು ಆ ತಾಣದ ಎಲ್ಲಕ್ಕಿಂತ ದೊಡ್ಡ ಗುಂಪಾಗಿ, ಸದಸ್ಯರ ಸಂಖ್ಯೆ ಇಪ್ಪತ್ತು ಸಾವಿರವನ್ನು ಮೀರಿತು. ಅವರಾರೂ ಎದುರು ಪಕ್ಷಕ್ಕೆ ಹೋಗುವೆವೆನ್ನಲಿಲ್ಲ. ಜುಲೈ 3ರಂದು ಶ್ರೀ ಒಬಾಮ ಉತ್ತರ ಬರೆದು, ಅವರ ಅಸಮಾಧಾನವನ್ನು ಗೌರವದಿಂದ ಒಪ್ಪಿಕೊಂಡು, ತಮ್ಮ ನಿಲುವು ಮಾತ್ರ ಬದಲಾಗದೆಂದು ತಿಳಿಸಿದರು. ಜುಲೈ 9ರಂದು, ಕಂಪನಿಗಳ ರಕ್ಷಣೆಯನ್ನು ತೆಗೆದುಹಾಕುವ ತಿದ್ದುಪಡಿಗೆ ಮೊದಲು ಮತ ಕೊಟ್ಟು, ಅದು ಬಿದ್ದುಹೋದ ಮೇಲೆ ಮಸೂದೆಗೂ ಮತ ಕೊಟ್ಟರು. 28ರ ಎದುರು 69 ಮತಗಳಿಂದ ಅದು ಅಂಗೀಕಾರವಾಯಿತು. ಶ್ರೀಮತಿ ಕ್ಲಿಂಟನ್ ಅವರ ಮತ ಬಿದ್ದುದು ವಿರುದ್ಧವಾಗಿ.

ನಮ್ಮ ಅಲಂಕಾರಿಕರು ಕಾವ್ಯವನ್ನು ಓದುವವನಿಗೆ ಸಹೃದಯನೆಂದು ಹೆಸರಿಟ್ಟರು. ಕಾವ್ಯಕ್ಕೆ ಮನಸೋಲದವನು ಸಹೃದಯನಲ್ಲ. ಸೋತ ಮೇಲೂ ದೋಷವನ್ನು ದೋಷವೆಂದು ಗುರುತಿಸುವ ವಿವೇಕವನ್ನು ಅವನು ಕಳೆದುಕೊಳ್ಳಬೇಕಾಗಿಲ್ಲ. ರಾಜಕಾರಣದಲ್ಲಿ ಈ ಬಗೆಯ ಓದುಗನು ಅಪರೂಪ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಭಕ್ತಿಯು ಧರ್ಮದಲ್ಲಿ ಮುಕ್ತಿಯ ಮಾರ್ಗವಾದೀತು, ರಾಜಕಾರಣದಲ್ಲಿ ಅದು ಅಧೋಗತಿಗೆ ದಾರಿ ಎಂದು ಎಚ್ಚರಿಸಿದ್ದರು. ಅವರ ಕಣ್ಣು ಭಾರತದ ಮೇಲಿದ್ದಿತು. ಬೇರೆಲ್ಲಿಯೂ ಭಕ್ತಿಗೆ ಇಷ್ಟು ಪಾತ್ರವಿಲ್ಲವೆಂದೇ ಅವರು ಹೇಳಿದರು. ಡೆನ್ವರಿನ ಕ್ರೀಡಾಂಗಣವನ್ನು ಕಂಡಿದ್ದರೆ ಆ ವಾಕ್ಯವನ್ನು ತುಸು ತಿದ್ದುತ್ತಿದ್ದರೇನೋ.

ನವೆಂಬರ್ 4ರಂದು ಶ್ರೀ ಒಬಾಮ ಆರು ಕೋಟಿ ತೊಂಬತ್ತು ಲಕ್ಷಕ್ಕೂ ಹೆಚ್ಚು ಮತಗಳನ್ನು ಪಡೆದರು. ಗುಲಾಮರ ಕೈಗಳೂ ದುಡಿದು ಕಟ್ಟಿದ ಶ್ವೇತಭವನವನ್ನು ಕಪ್ಪು ಕುಟುಂಬವೊಂದು ಪ್ರವೇಶಿಸಿತು. ಆ ದಿನದ ಕಣ್ಣೀರನ್ನು ಭ್ರಮೆಯೆಂದು ತಳ್ಳಿಹಾಕುವಷ್ಟು ಒಣಮನಸ್ಸು ನಮ್ಮದಲ್ಲ. ಆರೋಗ್ಯ ವಿಮೆಯ ಶಾಸನ 2010ರ ಮಾರ್ಚ್ 23ರಂದು ಜಾರಿಗೆ ಬಂದು, ಮುಂದಿನ ವರ್ಷಗಳಲ್ಲಿ ಸುಮಾರು ಎರಡು ಕೋಟಿ ಜನರಿಗೆ ಆಸರೆಯಾಯಿತು. ರಾಗಿ ಬೀಸುವುದು ಅಷ್ಟರಮಟ್ಟಿಗೆ ಹಗುರವಾಯಿತು. ಗ್ವಾಂಟನಾಮೊ ಸೆರೆಮನೆಯನ್ನು ಒಂದು ವರ್ಷದಲ್ಲಿ ಮುಚ್ಚುವೆನೆಂದು 2009ರ ಜನವರಿ 22ರಂದು ಸಹಿ ಮಾಡಿದ ಆಜ್ಞೆ, 2017ರಲ್ಲಿ ಅವರು ಪದವಿಯಿಂದ ಇಳಿದಾಗಲೂ ಈಡೇರಿರಲಿಲ್ಲ. ನಲವತ್ತೊಂದು ಮಂದಿ ಅಲ್ಲಿಯೇ ಉಳಿದಿದ್ದರು. ಅದಕ್ಕೆ ಅಡ್ಡಿಯಾದವರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಸದಸ್ಯರು, ಅವರ ಪಕ್ಷದವರೂ ಸೇರಿ, ಬಹಳ ಮಂದಿ.

ಹೊತ್ತವರು ಏನಾದರು? ಒಂದು ಕೋಟಿಗೂ ಹೆಚ್ಚು ಬೆಂಬಲಿಗರ ವಿಳಾಸಗಳ ಪಟ್ಟಿಯಿದ್ದ ಆ ದೊಡ್ಡ ಸಂಘಟನೆಯನ್ನು 2009ರ ಆರಂಭದಲ್ಲಿ ಪಕ್ಷದ ಕೇಂದ್ರ ಸಮಿತಿಯೊಳಗೆ ಸೇರಿಸಲಾಯಿತು. ಪಲ್ಲಕ್ಕಿ ಒಳಗೆ ಹೋಯಿತು, ಬೀದಿ ಖಾಲಿಯಾಯಿತು. 2008ರಲ್ಲಿ ಸುಮಾರು 13 ಕೋಟಿ ಜನ ಮತ ಹಾಕಿದ್ದ ದೇಶದಲ್ಲಿ 2010ರ ನವೆಂಬರಿನಲ್ಲಿ ಮತಗಟ್ಟೆಗೆ ಬಂದವರು 9 ಕೋಟಿ. ಮಧ್ಯಾವಧಿಯಲ್ಲಿ ಅಲ್ಲಿ ಜನ ಕಡಮೆ ಬರುವುದು ರೂಢಿಯೇ. ಡೆಮೊಕ್ರಾಟರು ಕೆಳಮನೆಯಲ್ಲಿ 63 ಸ್ಥಾನಗಳನ್ನು ಕಳೆದುಕೊಂಡರು.

2013ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಸ್ನೋಡೆನ್ ಎಂಬ ತರುಣನು ಹೊರಗೆಡಹಿದ ದಾಖಲೆಗಳಿಂದ, ಅಮೆರಿಕದ ಸರ್ಕಾರವು ಜಗತ್ತಿನ ಜನರ ಪತ್ರಗಳನ್ನೂ ಸಂಭಾಷಣೆಗಳನ್ನೂ ಎಷ್ಟು ವಿಸ್ತಾರವಾಗಿ ಸಂಗ್ರಹಿಸುತ್ತಿದೆಯೆಂಬುದು ಬಯಲಾಯಿತು. ಅಧ್ಯಕ್ಷ ಒಬಾಮ ಅವರು ಅದು ಕಾನೂನಿನ ಚೌಕಟ್ಟಿನೊಳಗೇ ನಡೆದಿದೆಯೆಂದು ಸಮರ್ಥಿಸಿದರು. ಆ ಸಂಗ್ರಹದ ಒಂದು ದೊಡ್ಡ ಭಾಗಕ್ಕೆ ಆಧಾರವಾಗಿದ್ದುದು, ಐದು ವರ್ಷಗಳ ಹಿಂದೆ ಅವರದೇ ಇಪ್ಪತ್ತು ಸಾವಿರ ಕಾರ್ಯಕರ್ತರು ಬೇಡವೆಂದು ಕೇಳಿಕೊಂಡಿದ್ದ ಅದೇ ಶಾಸನ.